ಸಿಹಿ ಇಲ್ಲದ ಎಲೆ

ಫ್ರೀಜರ್‌ನಿಂದ ತೆಗೆದ ಬಾಳೆಲೆಯನ್ನು ಸ್ಟವ್ ಮೇಲೆ ಹಿಡಿದು ಬಾಡಿಸುವಾಗ ಒಗರೊಗರಾದ ಒಂದು ವಾಸನೆ ಏಳುತ್ತದೆ. ಮೀರಾ ಮೆಸಾ ಬಡಾವಣೆಯ ವಿಯೆಟ್ನಾಮಿ ಅಂಗಡಿಯ ಎಲೆ. ಹಬ್ಬ ಹುಣ್ಣಿಮೆಗೆ ಈ ಪರದೇಶದಲ್ಲಿ ನಮಗೆ ಅದೇ ಗತಿ. ಈ ಬೆಳಿಗ್ಗೆ, ಮಹಾಲಯ ಅಮಾವಾಸ್ಯೆಯ ಎಡೆಗೆಂದು ಎಲೆ ಬಾಡಿಸುತ್ತಿದ್ದವಳಿಗೆ ಪಕ್ಕದ ಮನೆಯ ಆಂಟಿ ನೆನಪಾದರು.

ಆಂಟಿ ಹುಟ್ಟಿದ್ದು ಫಿಜಿಯಲ್ಲಿ. ಬ್ರಿಟಿಷರ ಕಾಲದಲ್ಲಿ ಅವರ ಮುತ್ತಜ್ಜಿಯನ್ನು ಐದು ವರ್ಷದ ಕರಾರಿನ ಮೇಲೆ ಮದ್ರಾಸಿನಲ್ಲಿ ಹಡಗು ಹತ್ತಿಸಿ, ಆ ದ್ವೀಪದ ಕಬ್ಬಿನ ತೋಟಕ್ಕೆ ಕೂಲಿಗೆ ಒಯ್ದಿದ್ದರಂತೆ. ಮುತ್ತಜ್ಜಿಯ ಊರು ಯಾವುದೆಂದು ಮನೆಯಲ್ಲಿ ಯಾರಿಗೂ ತಿಳಿಯದು. ನನ್ನ ಹರಕುಮುರುಕು ಹಿಂದಿ, ಆಂಟಿಯ ದ್ವೀಪದ ಹಿಂದಿ, ನಡುವೆ ಅಷ್ಟಿಷ್ಟು ಇಂಗ್ಲಿಷ್ ಸೇರಿಸಿ ಬೇಲಿಯ ಆಚೀಚೆ ನಿಂತು ಹರಟುತ್ತಿದ್ದೆವು. ಟೀಗೆ ಮೂರು ಚಮಚ ಸಕ್ಕರೆ ಹಾಕಿಕೊಂಡು, ಡಾಕ್ಟರ ಮುಂದೆ ಒಂದೇ ಎಂದು ಸಾಧಿಸುತ್ತಿದ್ದ ಹೆಂಗಸು.

ಕೋವಿಡ್ ಬಂದು ಎಲ್ಲರೂ ಮನೆ ಸೇರಿದ್ದ ವರ್ಷ, ಇದೇ ಅಮಾವಾಸ್ಯೆ. ಅಕ್ಕತಂಗಿಯರ ಮನೆಗೆ ಹೋಗಲಾಗದೆ ಆಂಟಿ ಒಬ್ಬರೇ ಹಿತ್ತಲಲ್ಲಿ, ಬೇಲಿಗೆ ತಾಗಿದ ಮೇಜಿನ ಮೇಲೆ ಮುತ್ತಜ್ಜಿಗೆ ಎಲೆ ಹಾಕಿದ್ದರು. ಅನ್ನ, ಬೇಳೆ, ಮೀನಿನ ಸಾರು, ಬೇಯಿಸಿದ ಮರಗೆಣಸು. ಸಿಹಿ ಮಾತ್ರ ಇರಲಿಲ್ಲ. ನಾನೋ ಮಂಡ್ಯದ ಕಡೆಯವಳು, ಆಲೆಮನೆಯ ಹೊಗೆ ಕುಡಿದು ಬೆಳೆದವಳು. ಎಡೆಯಲ್ಲಿ ಸಿಹಿಯಿಲ್ಲದಿದ್ದರೆ ನಮ್ಮ ಹಿರಿಯರು ಮುನಿಸಿಕೊಂಡು ಎದ್ದೇ ಹೋಗುತ್ತಾರೆ. ಪಾಪ, ಇಷ್ಟು ತಲೆಮಾರಿನಲ್ಲಿ ಇವರಿಗೆ ಶಾಸ್ತ್ರ ಮರೆತುಹೋಗಿದೆ ಎಂದುಕೊಂಡೆ. ಆಂಟಿ ನೀರು ತರಲು ಒಳಗೆ ಹೋದಾಗ ಬೇಲಿ ಮೇಲಿಂದ ಕೈಚಾಚಿ ಒಂದು ಒಬ್ಬಟ್ಟು ಬಡಿಸಿಬಿಟ್ಟೆ. ಕಿಟಕಿಯಿಂದ ನೋಡುತ್ತಿದ್ದ ನನ್ನ ಮಗಳು, "ಅಮ್ಮಾ, ಡಿಡ್ ಯು ಈವನ್ ಆಸ್ಕ್ ಹರ್?" ಎಂದಳು.

ಹೊರಗೆ ಬಂದ ಆಂಟಿ ಎಲೆ ನೋಡಿ ನೀರಿನ ಚೆಂಬನ್ನು ಮೇಜಿನ ಮೇಲಿಟ್ಟರು. ಒಬ್ಬಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಬೇರೆ ತಟ್ಟೆಗಿಟ್ಟು, ಎಲೆಯ ಆ ಮೂಲೆಯನ್ನು ನೀರಿನಿಂದ ಒರೆಸಿದರು. ಆಮೇಲೆ ಮಾಸ್ಕ್ ಸರಿಮಾಡಿಕೊಂಡು ನನಗೆ ಹೇಳಿದರು.

ಮುತ್ತಜ್ಜಿ ಹಸುಗೂಸನ್ನು ತೋಟದ ಅಂಚಿನ ನೆರಳಲ್ಲಿ ಮಲಗಿಸಿ ಕಬ್ಬಿನ ಸಾಲಲ್ಲಿ ಕಳೆ ಕೀಳುತ್ತಿದ್ದಳಂತೆ. ಒಂದು ದಿನ ಮಗು ಅತ್ತಿತು. ಹಾಲೂಡಿಸಿ ಬರುತ್ತೇನೆಂದರೆ ಸಾಲು ಮುಗಿಸಿ ಹೋಗು ಎಂದ ಮೇಸ್ತ್ರಿ. ಸಾಲು ಮುಗಿಯುವಷ್ಟರಲ್ಲಿ ಅಳು ನಿಂತಿತ್ತು...

"ಅವತ್ತಿಂದ ಅವಳು ಸಿಹಿ ಬಾಯಿಗೆ ಇಡ್ಲಿಲ್ಲ, ಬೇಟಿ. ಅವಳ ಎಲೆಗೆ ನಾವ್ಯಾರೂ ಇಟ್ಟಿಲ್ಲ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾನು ಅಳುವುದನ್ನು ಕಂಡು ಆಂಟಿಯೇ ಸಮಾಧಾನ ಮಾಡಿದರು. "ನಿನ್ನ ಒಬ್ಬಟ್ಟು ನಾನು ತಿಂತೀನಿ. ಹಠ ಅವಳದು, ನನ್ನದಲ್ಲ." ತಿಂದರು ಕೂಡ, ಟೀಯಲ್ಲಿ ಅದ್ದಿಕೊಂಡು. ಮುಂದೆ ಪ್ರತಿ ಮಹಾಲಯ ಅಮಾವಾಸ್ಯೆಗೂ ಎಡೆ ಮುಗಿದ ಮೇಲೆ ಲೋಟ ಹಿಡಿದು ಬೇಲಿಗೆ ಬರುತ್ತಿದ್ದರು, ತಮ್ಮ ಪಾಲಿನ ಒಬ್ಬಟ್ಟಿಗೆ.

ಈ ವರ್ಷ ಯುಗಾದಿಗೆ ಮೊದಲೇ ಆಂಟಿ ಹೋಗಿಬಿಟ್ಟರು. ಅವರ ಮಗ ದೂರದ ಬರ್ಬ್ಯಾಂಕ್‌ನ ಸಿನಿಮಾ ಸ್ಟುಡಿಯೋದಲ್ಲಿ ಎಡಿಟರ್. ಮನೆ ಮಾರುವ ಮೊದಲು ಒಂದು ಸಲ ಅಮ್ಮ ಹಾಕುತ್ತಿದ್ದ ಹಾಗೆ ಎಲೆ ಹಾಕಬೇಕೆಂದು ಹೋದ ವಾರ ಫೋನ್ ಮಾಡಿದ್ದ. ಇಂಟರ್‌ನೆಟ್ ನೋಡಿ ಎಲ್ಲಾ ಪಟ್ಟಿ ಮಾಡಿದ್ದೇನೆ, ಕರ್ನಿ ಮೆಸಾದ ಸಿಹಿ ಅಂಗಡಿಯಲ್ಲಿ ಜಾಮೂನಿಗೂ ಆರ್ಡರ್ ಕೊಟ್ಟಿದ್ದೇನೆ ಎಂದ. ಮಗುವಿನ ಕತೆಯನ್ನು ಅವರಮ್ಮ ಅವನಿಗೆ ಹೇಳಿಯೇ ಇರಲಿಲ್ಲ. ನಾನು ಹೇಳಿದೆ. ನಾನು ಹೇಳದಿದ್ದರೆ ಅದು ಅಲ್ಲಿಗೇ ಮುಗಿದುಹೋಗುತ್ತಿತ್ತು. ಹಾಗಾದರೆ ಅಮ್ಮನಿಗೂ ಜಾಮೂನು ಇಡುವಂತಿಲ್ಲವೇ ಎಂದು ಕೇಳಿದ. ಅಮ್ಮನಿಗೆ ಬೇರೆ ಎಲೆ ಹಾಕಪ್ಪ, ಕೈತುಂಬ ಬಡಿಸು ಎಂದೆ.

ಇವತ್ತು ಬೇಲಿಯಾಚೆ ಎರಡು ಎಲೆಗಳಿದ್ದವು. ಒಂದರ ಮೂಲೆ ಖಾಲಿ. ಇನ್ನೊಂದರಲ್ಲಿ ಎರಡು ಜಾಮೂನು, ಪಕ್ಕದಲ್ಲಿ ಆಂಟಿಯ ಲೋಟದ ತುಂಬ ಟೀ. ಒಬ್ಬಟ್ಟು ಹಿಡಿದು, ಬಡಿಸಲೇ ಎಂದು ಈ ಸಲ ಕೇಳಿದೆ. ಹುಡುಗ ತಲೆಯಾಡಿಸಿದ. ಆಂಟಿಯ ಎಲೆಗೆ ಬಡಿಸಿ, ಸಕ್ಕರೆ ಎಷ್ಟು ಹಾಕಿದ್ದೀಯ ಎಂದೆ.

ಒಂದು ಚಮಚ, ಅಮ್ಮ ಅಷ್ಟೇ ಅಂತಿದ್ದಳು ಎಂದ. ನಾನು ಒಳಗೆ ಹೋಗಿ ಸಕ್ಕರೆ ಡಬ್ಬ ತಂದೆ.