ಸ್ಟೀರಿಂಗಿಗೆ ಹೊಲೆದ ಕೊರಳಪಟ್ಟಿ

ಮೊನ್ನೆ ಮಡಕಶಿರದ ಬಸ್ ನಿಲ್ದಾಣದ ತಿರುವಿನಲ್ಲಿ ನಮ್ಮ ಹಳೆಯ ಕಾರಿನ ಸ್ಟೀರಿಂಗ್ ತಿರುಗಿಸಲು ಹೋದಾಗ ನನ್ನ ಬಲ ಭುಜ ಚಳುಕ್ಕೆಂದಿತು. ಹಿಂದೆ ಕಡಲೆಕಾಯಿ ಚೀಲ ಹೇರಿಕೊಂಡ ಆಟೋದವನು ಹಾರ್ನ್ ಮೇಲೆ ಹಾರ್ನ್. ಹೇಗೋ ಎಳೆದಾಡಿ ಮನೆ ಸೇರಿ, "ಸ್ಟೀರಿಂಗ್ ಗಟ್ಟಿಯಾಗೈತೆ ಕಣೆ" ಎಂದು ಹೆಂಡತಿಗೆ ವರದಿ ಒಪ್ಪಿಸಿದೆ. ಪಾರ್ವತಿ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ಮೊದ್ಲ ಕಾಲಡಿ ನೋಡ್ರಿ" ಅಂದಳು.

ಈ ಮಾತು ಅವಳದಲ್ಲ, ಅವಳ ಅಪ್ಪನದು. ಅದರ ಹಿಂದೆ ಒಂದು ಕತೆಯಿದೆ. ಪುರಸೊತ್ತಿದ್ದರೆ ಕೇಳಿ.

ಮಾವನವರು ರಾಯದುರ್ಗದ ಟೇಲರ್. ಜೀನ್ಸ್ ಪ್ಯಾಂಟಿನ ಊರಿನಲ್ಲಿ ಅವರ ಮಾತೆಂದರೆ ಮಾತು. ನೀರು ಕಾಣದ ಕೋರಾ ಬಟ್ಟೆಗೆ ಕತ್ತರಿ ಹಾಕುವುದೆಂದರೆ ಅವರ ಲೆಕ್ಕದಲ್ಲಿ ಪಾಪ. ಯಾವ ಗಿರಾಕಿ ಎಷ್ಟು ಅವಸರ ಮಾಡಿದರೂ ಬಟ್ಟೆ ಮೊದಲು ತೊಟ್ಟಿಯಲ್ಲಿ ನೆನೆಯಬೇಕು, ಒಣಗಬೇಕು, ಆಮೇಲೆ ಹೊಲಿಗೆ. ನನ್ನ ಮದುವೆಯ ಪ್ಯಾಂಟನ್ನೂ ಹಾಗೆಯೇ ಹೊಲೆದುಕೊಟ್ಟಿದ್ದರು. ಅದು ಇವತ್ತಿಗೂ ಒಂದು ಎಳೆ ಕುಗ್ಗಿಲ್ಲ, ಹಿಗ್ಗಿದವನು ನಾನೊಬ್ಬನೇ.

ಈ ಕಾರು ಮೊದಲು ಅವರದೇ. ಪವರ್ ಸ್ಟೀರಿಂಗ್ ಎಂಬ ಸೌಕರ್ಯವಿಲ್ಲದ ಕಾಲದ್ದು. ಪಾರ್ವತಿ ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಬಸ್ಸು ಹತ್ತಿ ಇಳಿಯುವುದು ಮಂಡಿನೋವಿನ ಮಾವನವರಿಗೆ ಆಗದ ಕೆಲಸ. ಹಾಗಾಗಿ ಅವರು ತಿಂಗಳಿಗೊಮ್ಮೆ ಕಲ್ಯಾಣದುರ್ಗ, ಪಾವಗಡ ದಾಟಿ ಮಗಳ ಮನೆಗೆ ಬರುತ್ತಿದ್ದದ್ದು ಈ ಕಾರಿನ ದಯೆಯಿಂದ.

ಒಂದು ಸಲ ಹಾಗೆ ಬಂದವರು ನೀರು ಸಹ ಕುಡಿಯದೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು.

"ಇದನ್ನ ನೀವ ಇಟ್ಕೊಳ್ರಿ. ನನ್ನ ತೋಳಾಗ ಕಸುವಿಲ್ಲ. ಬರ್ತಾ ಬರ್ತಾ ಸ್ಟೀರಿಂಗ್ ತಿರುಗ್ಸಾದು ಬಂಡಿ ಎಳದಂಗ ಆಗೈತಿ."

"ಮತ್ತ ನೀನು ಹೆಂಗ ಬರ್ತಿ ಅಪ್ಪಾ?" ಪಾರ್ವತಿ ಕೇಳಿದಳು.

"ಬರಾದು ಕಮ್ಮಿ ಆಕ್ಕೈತಿ, ತಾಯಿ."

ಅವಳು ಒಳಗೆ ಹೋದಳು. ಒಲೆಯ ಮೇಲಿಟ್ಟ ಚಹಾ ಉಕ್ಕಿ ಹರಿಯಿತು. ನನಗೂ ಸಂಕಟವಾಯಿತು.

"ಕಾರಿಂದೇ ಏನಾರ ಇರ್ಬೋದು ಮಾವ. ಒಂದ್ ಕಿತ ನೋಡಾನ ತಡೀರಿ" ಅಂದೆ.

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ. ನಾನೂ ಹಂಗ ಅನ್ನಬೇಕಾ?"

ನನ್ನದು ವಾಹನಗಳ ಬಿಡಿಭಾಗದ ಅಂಗಡಿ. ಎದುರಿಗೆ ಯಾರಾದರೂ ಕೆಮ್ಮಿದರೂ ಬೇರಿಂಗ್ ಬದಲಾಯಿಸಿ ಅನ್ನುವವನು ನಾನು. ಚಕ್ರಗಳನ್ನು ಹೊರಳಿಸುವ ಸ್ಟೀರಿಂಗ್ ಬಾಕ್ಸೇ ಹೋಗಿದೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು ಬೆಳಿಗ್ಗೆ ಕೆಲಸಕ್ಕೆ ಕೂತೆ. ಟೈರಿನ ಗಾಳಿ ಸರಿಯಾಗಿತ್ತು. ಜಾಕ್ ಕೊಟ್ಟು ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ದಿಮ್ಮಿ ಇಟ್ಟೆ. ನೆಲದ ಭಾರ ತಪ್ಪಿದ ಮೇಲೆ ಸ್ಟೀರಿಂಗ್ ಬೆರಳಲ್ಲಿ ತಿರುಗಬೇಕು, ತಿರುಗಲಿಲ್ಲ. ಸ್ಟೀರಿಂಗಿನ ಕಂಬಿ ಬಾಕ್ಸಿಗೆ ಸೇರುವ ಕಡೆ ಬೋಲ್ಟ್ ಬಿಚ್ಚಿ, ಎರಡನ್ನೂ ಬೇರೆ ಮಾಡಿ, ಚಕ್ರಗಳನ್ನು ಕೈಯಿಂದ ತಳ್ಳಿದೆ. ಎಡಕ್ಕೂ ಬಲಕ್ಕೂ ಸಲೀಸಾಗಿ ಆಡಿದವು. ಬಾಕ್ಸಿನಲ್ಲಿ ದೋಷವಿರಲಿಲ್ಲ, ನನ್ನ ತೀರ್ಪು ಬಿದ್ದುಹೋಯಿತು.

"ಈಗ ತಿರುಗ್ಸಿ ಮಾವ."

ಸೀಟಿನಲ್ಲಿ ಕೂತಿದ್ದ ಮಾವನವರು ತಿರುಗಿಸಿದರು. ಚಕ್ರದ ಸಂಬಂಧವೇ ಕಳೆದುಕೊಂಡ ಸ್ಟೀರಿಂಗ್ ಆಗಲೂ ಬಿಗಿ.

"ಕಾಲಡಿ ಏನೋ ಕಿರಗುಟ್ಟತೈತಿ. ಮೊದ್ಲ ಕಾಲಡಿ ನೋಡ್ರಿ" ಅಂದರು.

ಮ್ಯಾಟ್ ಎತ್ತಿದೆ. ಕಂಬಿ ನೆಲ ತೂರಿ ಇಳಿಯುವ ತೂತಿನ ಸುತ್ತ, ರಬ್ಬರ್ ಇರಬೇಕಾದಲ್ಲಿ, ಜೀನ್ಸ್ ಬಟ್ಟೆಯ ಒಂದು ತೋಳು. ಎರಡೆಳೆ ಹೊಲಿಗೆ, ಮೇಲೆ ಅಂಗಿಯ ಕೊರಳಪಟ್ಟಿಯಂಥ ಅಂಚು. ರಬ್ಬರ್ ಹರಿದು ದಾರಿಯ ಧೂಳೆಲ್ಲ ಕಾಲಿಗೆ ಬರುತ್ತದೆಂದು ಮಾವನವರೇ ಅಂಗಡಿಯಲ್ಲಿ ಬಿದ್ದಿದ್ದ ತುಂಡಿನಿಂದ ಹೊಲೆದು ಹಾಕಿದ್ದರು. ಆಮೇಲೆ ವಾರವಾರ ಕಾರಿನೊಳಕ್ಕೆ ಬಕೆಟ್ಟು ನೀರು ಹೊಯ್ದು ತೊಳೆದಿದ್ದರು. ತೊಳೆದಷ್ಟೂ ಬಟ್ಟೆ ಕುಗ್ಗಿ, ಕೆಸರು ಕೂತು, ಒಣಗಿ, ಆ ಕೊರಳಪಟ್ಟಿ ಕಂಬಿಯ ಕುತ್ತಿಗೆ ಹಿಸುಕಿ ಹಿಡಿದಿತ್ತು.

ಮಾವನವರು ಬಗ್ಗಿ ಅದನ್ನು ಬಹಳ ಹೊತ್ತು ನೋಡಿದರು.

"ಇದನ್ನ ನೆನಸಿದ್ದಿಲ್ಲ" ಅಂದರು.

ಜೇಬಿನಿಂದ ನೂಲು ಕತ್ತರಿಸುವ ಪುಟ್ಟ ಕತ್ತರಿ ತೆಗೆದು ತಾವೇ ಹೊಲಿಗೆ ಬಿಚ್ಚಿದರು. ಸ್ಟೀರಿಂಗ್ ಗಿರ್ರನೆ ತಿರುಗಿತು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ತೋಳು ಉಳದ್ವು. ಟೇಲರ್ ಮಾನ ಹೋತು. ಹೋಗ್ಲಿ ಬಿಡ್ರಿ."

ನಾನು ಅಂಗಡಿಯಿಂದ ರಬ್ಬರ್ ತಂದು ಕೂರಿಸಿ, ಬೋಲ್ಟ್ ಬಿಗಿದೆ. ಪಾರ್ವತಿ ಬೀಗದ ಕೈಯನ್ನು ತಾನೇ ಅಪ್ಪನ ಅಂಗೈಯಲ್ಲಿಟ್ಟಳು. ಆಮೇಲೂ ಬಹಳ ವರ್ಷ ಅವರು ಬರುತ್ತಲೇ ಇದ್ದರು. ಅವರು ತೀರಿಹೋದ ಮೇಲೆ ಕಾರು ನಮ್ಮ ಮನೆಗೆ ಬಂತು.

ಹಾಗಾಗಿ ಮೊನ್ನೆಯೂ ಮೊದಲು ಕಾಲಡಿ ನೋಡಿದೆ. ರಬ್ಬರ್ ಚೆನ್ನಾಗಿದೆ. ಗಾಳಿ ಸರಿಯಿದೆ. ಜಾಕ್ ಕೊಟ್ಟು ಎತ್ತಿದರೆ ಸ್ಟೀರಿಂಗ್ ಬೆರಳಲ್ಲೇ ತಿರುಗಿತು. ಏನಾದರೊಂದು ಕೆಟ್ಟಿರಲಿ ದೇವರೇ ಎಂದುಕೊಳ್ಳುತ್ತ ಮತ್ತೆ ಹುಡುಕಿದೆ. ಏನೂ ಕೆಟ್ಟಿರಲಿಲ್ಲ.

ಕಾರು ಇಳಿಸಿ ಪಾರ್ವತಿಯನ್ನು ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತು, ಕಾರನ್ನು ಗೇಟಿನಿಂದ ಆಚೆ ಬೀದಿಗೆ ತಿರುಗಿಸಿ ನಿಲ್ಲಿಸಿದಳು. ಅವಳಿಗೇನೂ ಬಿಗಿ ಅನ್ನಿಸಲಿಲ್ಲ. ನೆಲ ನೆಟ್ಟಗೇ ಇತ್ತು.

ಅವಳು ಬಗ್ಗಿ ಎಡಗಡೆಯ ಬಾಗಿಲು ತೆಗೆದು, "ಹತ್ರಿ, ಡಾಕ್ಟರಿಗೆ ಭುಜ ತೋರಿಸ್ಕೊಂಡು ಬರೋಣ" ಅಂದಳು. ಬೀಗದ ಕೈಯನ್ನು ಮೇಜಿನ ಮೇಲಿಡುವಾಗ ಮಾವನವರಿಗೆ ಎಷ್ಟು ನೋವಾಗಿತ್ತೆಂದು ಆ ಸೀಟಿನಲ್ಲಿ ಕೂತಾಗ ನನಗೆ ತಿಳಿಯಿತು.

ಬಸ್ ನಿಲ್ದಾಣದ ತಿರುವು ಬಂದಾಗ ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಅಷ್ಟರಲ್ಲಿ ಪಾರ್ವತಿ ತಿರುಗಿಸಿಯಾಗಿತ್ತು.