ಎಂಟು ಜ್ವರಕ್ಕೆ ಆರು ಅಕ್ಷರ

ಆಗ ನನಗೆ ಮೂವತ್ತಾರು. ಮೂವತ್ತೊಂದು ವರ್ಷದ ಹಿಂದಿನ ಮಾತು. ಅದೆಲ್ಲ ಮತ್ತೆ ನೆನಪಾಗಿದ್ದು ಒಂದು ಸುಣ್ಣದ ಚಕ್ಕೆಯಿಂದ.

ಹೋದ ತಿಂಗಳು ಪಕ್ಕದ ಮನೆಯವರು ತಮ್ಮ ಹಳೇ ಹುಳದ ಮನೆ ಕೆಡವಿಸುತ್ತಿದ್ದರು. ರೇಷ್ಮೆ ಹುಳು ಸಾಕಲೆಂದೇ ಕಟ್ಟಿದ ಕೋಣೆ ಅದು. ನಮ್ಮ ಮೇಲೂರಿನಲ್ಲಿ ಅಂಥವು ಬೇಕಾದಷ್ಟಿವೆ. ಒಂದೊಂದು ಬೆಳೆ ಮುಗಿದಾಗಲೂ, ಹುಳಕ್ಕೆ ರೋಗ ತಗುಲಬಾರದೆಂದು ಗೋಡೆಗೆ ಸುಣ್ಣ ಬಳಿಯುತ್ತೇವೆ. ಹಾಗಾಗಿ ಗೋಡೆಗೆ ಗುದ್ದಲಿ ಬಿದ್ದಾಗ ರೊಟ್ಟಿ ದಪ್ಪದ ಚಕ್ಕೆಗಳು ಉದುರಿದವು. ಒಂದನ್ನು ಎತ್ತಿಕೊಂಡು ಉಗುರು ಹಾಕಿ ಬಿಡಿಸಿದೆ. ಸುಣ್ಣದ ವಾಸನೆ ಮೂಗಿಗೆ ಹೊಡೆಯಿತು. ಒಳಗಿನ ಪದರದಲ್ಲಿ ಇದ್ದಲಿನಲ್ಲಿ ಬರೆದ ‘ಗೌ’. ಬರೆದವಳು ನಾನೇ.

ಅದು ಪಕ್ಕದ ಮನೆ ಅಕ್ಕನಿಗೆ ಬರೆದುಕೊಟ್ಟಿದ್ದು. ಒಡಹುಟ್ಟಿದವಳಲ್ಲ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಅದಕ್ಕೆ ಅಕ್ಕ. ಕಪ್ಪಗೆ, ಗಿಡ್ಡಗೆ ಇದ್ದಳು. ಹುಳಕ್ಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತರೆ ಹೊರೆಯೇ ನಡೆದು ಬಂದ ಹಾಗೆ ಕಾಣುತ್ತಿತ್ತು. ಒಂದಕ್ಷರ ಬರುತ್ತಿರಲಿಲ್ಲ. ನಾನು ಎರಡನೇ ಕ್ಲಾಸಿನವರೆಗೆ ಹೋಗಿದ್ದೆ. ಅಷ್ಟಕ್ಕೇ ಆ ಬೀದಿಯ ಹೆಂಗಸರಲ್ಲಿ ನಾನು ಓದಿದವಳು.

ಅವಳ ಒಬ್ಬಳೇ ಮಗಳನ್ನು ಗೌರಿಬಿದನೂರಿಗೆ ಕೊಟ್ಟಿದ್ದರು. ಅಳಿಯನಿಗೆ ಮಿಲ್ಲಿನಲ್ಲಿ ಕೆಲಸ. ಅತ್ತೆ ಇಲ್ಲದ ಮನೆ. ಮೊದಲ ಬಾಣಂತನ ಇಲ್ಲೇ ಆಯಿತು. ಮಗುವನ್ನು ಎತ್ತಿಕೊಂಡು ಹೋದ ಮೂರು ತಿಂಗಳಿಗೆ, ಮಗುವಿಗೆ ಹುಷಾರಿಲ್ಲ, ಬೇಗ ಬಾ ಎಂದು ಸುದ್ದಿ ಬಂತು. ಅಕ್ಕನ ಗಂಡ ರೇಷ್ಮೆ ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋಗಿದ್ದ. ಒಬ್ಬಳೇ ಹೊರಟಳು. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನೋ ಕೇಳಿದಳು. ಅವನು ತಿರುಗಿಯೂ ನೋಡದೆ, “ಅದೇ ಹತ್ತಮ್ಮ, ಹೊಂಟೋಯ್ತದೆ” ಅಂದ. ಹತ್ತಿದಳು. ಜನವೋ ಜನ. ಕಂಡಕ್ಟರು ಇವಳ ಹತ್ತಿರ ಬರುವ ಹೊತ್ತಿಗೆ ಬಸ್ಸು ಬಾಗೇಪಲ್ಲಿ ದಾರಿಯಲ್ಲಿ ಪೆರೇಸಂದ್ರ ದಾಟಿತ್ತು. ಇಳಿದು, ಕಾದು, ವಾಪಸ್ಸು ಬಂದು, ಇನ್ನೊಂದು ಬಸ್ಸು ಹಿಡಿದು ಮಗಳ ಮನೆ ಸೇರಿದಾಗ ಸಂಜೆ. ಮಗುವನ್ನು ಮಣ್ಣು ಮಾಡಿ ಬಂದು ಎಲ್ಲರೂ ಕೈಕಾಲು ತೊಳೆಯುತ್ತಿದ್ದರಂತೆ...

ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಸೊಪ್ಪು ಕೊಯ್ಯುತ್ತಾ. ಅತ್ತಿದ್ದು ನಾನು ನೋಡಲಿಲ್ಲ.

ಮಗಳು ಮತ್ತೆ ಬಸುರಿಯಾದಳು. ಎರಡನೆಯದು, ಗಂಡನ ಮನೆಯಲ್ಲೇ ಹೆರಿಗೆ. ಏಳು ತುಂಬುವ ಹೊತ್ತಿಗೆ ಅಕ್ಕ ಒಂದು ದಿನ ಇದ್ದಲಿನ ತುಂಡು ಹಿಡಿದು ನಮ್ಮ ಬಾಗಿಲಿಗೆ ಬಂದಳು.

“ಗೌರಿಬಿದನೂರು ಅಂತ ಬರೆಯಕ್ಕೆ ಎಷ್ಟು ಅಕ್ಷರ ಬೇಕೇ?”

ಬೆರಳು ಮಡಿಸಿ ನೋಡಿ ಹೇಳಿದೆ. “ಆರು. ಯಾಕಕ್ಕ?”

“ಅಷ್ಟೇ ಸಾಕು. ಆ ಆರು ಕಲ್ಸು. ಮಿಕ್ಕಿದ್ದು ನಂಗ್ ಬ್ಯಾಡ.”

“ಯಾರನ್ನಾದ್ರೂ ಕೇಳಿದ್ರೆ ಆಗಲ್ವಾ?”

“ಕೇಳಿದ್ನಲ್ಲ ಒಂದ್ಸಲ” ಅಂದಳು.

ಅವಳು ಎಲ್ಲ ಮೊದಲೇ ಯೋಚಿಸಿಟ್ಟಿದ್ದಳು. ಹುಳು ಸಾಕುವವರಿಗೆ ಬಿಡುವೆಂಬುದು ಇಲ್ಲ. ಆದರೆ ಹುಳು ಮೊಟ್ಟೆಯಿಂದ ಹೊರಬಿದ್ದು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಬಿದ್ದ ಹುಳು ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ತಿನ್ನುವುದಿಲ್ಲ. ಆ ಒಂದು ದಿನ ಸೊಪ್ಪು ಹಾಕುವ ಹಾಗಿಲ್ಲ. ನಾವೆಲ್ಲ ಆ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಹೇನು ನೋಡಿಸಿಕೊಳ್ಳುತ್ತಿದ್ದೆವು. ಹೆರಿಗೆಯೊಳಗೆ ಇನ್ನೆರಡು ಬೆಳೆ, ಅಂದರೆ ಎಂಟು ಜ್ವರ. ಜ್ವರಕ್ಕೊಂದು ಅಕ್ಷರದ ಹಾಗೆ ಆರು. ಏಳನೆಯದು ಎಲ್ಲವನ್ನೂ ಒಟ್ಟಿಗೆ ಓದುವುದಕ್ಕೆ.

“ಎಂಟನೇದು?” ಅಂದೆ.

“ಇರ್ಲಿ ಬಿಡೇ. ಯಾವ್ದಾದ್ರೂ ಕೈ ಕೊಟ್ರೆ ಬೇಕಾಯ್ತದೆ.”

ಮೊದಲ ಜ್ವರಕ್ಕೆ ಹುಳದ ಮನೆಯ ಕಿಟಕಿ ಪಕ್ಕದಲ್ಲಿ ‘ಗೌ’ ಬರೆದುಕೊಟ್ಟೆ. ಎಲ್ಲದಕ್ಕಿಂತ ಕಷ್ಟದ್ದು ಅದೇ. ಅದರ ಬಾಲ ಅವಳ ಕೈಗೆ ಹತ್ತುತ್ತಲೇ ಇರಲಿಲ್ಲ. ಅವಳ ಗಂಡ ಬಾಗಿಲಲ್ಲಿ ನಿಂತು ನಕ್ಕ. “ಸುಡುಗಾಡು ಸೇರೋ ವಯಸ್ಸಲ್ಲಿ ಇವ್ಳಿಗೆ ಚದುವು!” ಅಂದ. ಅವರ ಮನೆಯಲ್ಲಿ ಅರ್ಧ ತೆಲುಗೇ ಮಾತು, ಚದುವು ಅಂದರೆ ಓದು. ಅಕ್ಕ ತಿರುಗಿ ನೋಡದೆ, “ಸುಡುಗಾಡಿಗೆ ಬೋರ್ಡು ಓದ್ಕೊಂಡು ಹೋಗ್ಬೇಕಾಗಿಲ್ಲ, ನೀವೇ ಹೊತ್ಕೊಂಡು ಹೋಗ್ತೀರಲ್ಲ” ಅಂದಳು.

ಕಂಬದ ಹತ್ತಿರ ‘ರಿ’. ಬಾಗಿಲ ಮೂಲೆಗೆ ‘ಬಿ’. ಹುಳದ ತಟ್ಟೆ ಜೋಡಿಸುವ ಕಡೆ ‘ದ’. ನಾಲ್ಕು ಜ್ವರಕ್ಕೆ ನಾಲ್ಕು ಅಕ್ಷರ. ಕೇಳಿದರೆ ಟಪಟಪ ಹೇಳುತ್ತಿದ್ದಳು. ನಾನು ಭಾರಿ ಮೇಷ್ಟರಾದೆ ಅಂದುಕೊಂಡೆ.

ಬೆಳೆ ಮುಗಿಯಿತು, ಗೂಡು ಬಿಡಿಸಿದ್ದಾಯಿತು. ಸುಣ್ಣ ಬಳಿಯಲು ನಾವು ಒಬ್ಬರ ಮನೆಗೆ ಒಬ್ಬರು ಹೋಗುವುದು ರೂಢಿ. ನಾನೇ ಪೊರಕೆ ಅದ್ದಿ ಆ ಗೋಡೆಗೆ ಎಳೆದೆ. ಅಕ್ಷರದ ನೆನಪೇ ಇರಲಿಲ್ಲ. ಒಣಗಿದ ಮೇಲೆ ಅಂಗಳದ ನೆಲದ ಮೇಲೆ ‘ಬಿ’ ಬರೆದು, ಇದೇನಕ್ಕ ಅಂದೆ. ಗುರುತು ಸಿಗಲಿಲ್ಲ ಅವಳಿಗೆ. ‘ರಿ’ ಬರೆದೆ. ಅದೂ ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು, ಅವಳು ಅಕ್ಷರ ಕಲಿತಿರಲಿಲ್ಲ, ಜಾಗ ಕಲಿತಿದ್ದಳು. ಕಿಟಕಿ ಪಕ್ಕದ್ದು ಗೌ, ಕಂಬದ್ದು ರಿ.

ನನಗೆ ಸಿಟ್ಟು ಬಂತು. “ಬಸ್ಸು ಬಂದು ನಿನ್ ಕಿಟಕಿ ಪಕ್ಕ ನಿಲ್ಲಲ್ಲ ಕಣಕ್ಕ. ಬಿಟ್ಬಿಡು” ಅಂದೆ. ಅಂದದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ನಾಲ್ಕು ಜ್ವರ ನೀರಿಗೆ ಹೋಗಿದ್ದವು.

ಅವಳು ಬಿಡಲಿಲ್ಲ, ಅಳಲೂ ಇಲ್ಲ. ಮುಂದಿನ ಮೊಟ್ಟೆ ಬರುವ ತನಕ ಹತ್ತು ದಿನ ಕೈಯಲ್ಲಿತ್ತು. ನೀರೊಲೆ ಮುಂದೆ, ಒರಳಿನ ಮೇಲೆ, ಎಮ್ಮೆ ಕಟ್ಟುವ ಗೋಡೆ ಮೇಲೆ, ದಿನಾ ಜಾಗ ಬದಲಿಸಿ ಅದೇ ನಾಲ್ಕನ್ನು ಬರೆದಳು. ಎಮ್ಮೆ ಮೈಯೆಲ್ಲ ಇದ್ದಲು. ಎರಡನೇ ಬೆಳೆಯ ಮೊದಲ ಜ್ವರಕ್ಕೆ ‘ನೂ’, ಎರಡನೆಯದಕ್ಕೆ ‘ರು’. ಮೂರನೆಯದಕ್ಕೆ ಎಲ್ಲ ಒಟ್ಟಿಗೆ ಓದಿಸಿದರೆ ‘ದ’ ಕೈ ಕೊಟ್ಟಿತು. ಅವಳು ಉಳಿಸಿಟ್ಟಿದ್ದ ನಾಲ್ಕನೆಯದರಲ್ಲಿ ಅದೂ ಕೂತಿತು.

ಅದಾದ ಎರಡನೇ ದಿನಕ್ಕೆ ಸುದ್ದಿ ಬಂತು, ಮಗಳಿಗೆ ನೋವು ಕಾಣಿಸಿಕೊಂಡಿದೆ, ದಿನ ತುಂಬುವ ಮೊದಲೇ. ನಾಲ್ಕನೇ ಜ್ವರ ಎದ್ದ ಹುಳು ರಾಕ್ಷಸನ ಹಾಗೆ ತಿನ್ನುತ್ತದೆ. ಇಬ್ಬರಿದ್ದರೂ ಸಾಲದು. ಗಂಡ ಬಾಗಿಲಿಗೆ ಅಡ್ಡ ನಿಂತ. “ಹುಳ ಸಾಯ್ಲಿ ಅಂತ ಹೋಗ್ತೀಯಾ?”

“ಹುಳಕ್ಕೆ ನೀವಿದ್ದೀರ, ಇವ್ಳವ್ಳೆ” ಎಂದು ನನ್ನ ಕಡೆ ಕೈ ತೋರಿಸಿ ಹೊರಟೇಬಿಟ್ಟಳು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ನನ್ನ ಹುಳದ ಜೊತೆಗೆ ಅವಳ ಹುಳಕ್ಕೂ ಸೊಪ್ಪು ಕೊಯ್ದೆ. ಬೈದುಕೊಂಡೇ ಕೊಯ್ದೆ.

ಮೂರು ದಿನಕ್ಕೆ ಬರುತ್ತೇನೆ ಅಂದವಳು ಬರಲಿಲ್ಲ. ನಾಲ್ಕು, ಐದು... ಅವಳ ಗಂಡ ನನ್ನ ಮೇಲೆ ಹಾರಾಡಿದ. “ನೀನು ಕಲಿಸಿದ್ದು ಸಾಕಮ್ಮ, ಯಾವ ಊರು ಸೇರಿದ್ಳೋ ಏನೋ!” ನನಗೂ ಒಳಗೆ ಅಳುಕಿತ್ತು. ‘ದ’ ಮರೆತಿದ್ದರೆ?

ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡುತ್ತಿದ್ದ ಹೊತ್ತಿಗೆ ಬಂದಳು. ಎಡಗೈಯನ್ನು ಮುಷ್ಟಿ ಹಿಡಿದಿದ್ದಳು. ಯಾರನ್ನೂ ಮಾತಾಡಿಸದೆ ನೇರ ಹುಳದ ಮನೆಗೆ ಹೋಗಿ, ಇದ್ದಲು ತೆಗೆದುಕೊಂಡು, ಅಂಗೈ ಬಿಚ್ಚಿ ನೋಡುತ್ತಾ ಗೋಡೆಯ ಮೇಲೆ ಬರೆಯತೊಡಗಿದಳು. ಬೆವರಿಗೆ ಶಾಯಿ ಹರಡಿತ್ತು. ಚಿಕ್ಕಬಳ್ಳಾಪುರ.

ನಡೆದದ್ದು ಹೀಗೆ. ಹೋಗುವಾಗ ಬೋರ್ಡು ಓದಿಯೇ ಹತ್ತಿದ್ದಳು. ಮಗು ಹುಟ್ಟುವ ಹೊತ್ತಿಗೆ ಮಗಳ ತಲೆದೆಸೆಯಲ್ಲೇ ಇದ್ದಳು. ಹೆಣ್ಣು ಮಗು, ಗಟ್ಟಿಯಾಗಿತ್ತು. ಅತ್ತೆ ಓದಿಕೊಂಡು ಬಂದರೆಂದು ಅಳಿಯ ಓಣಿಗೆಲ್ಲ ಹೇಳಿಕೊಂಡ. ಇವಳೂ ಹೌದೆಂದಳು. ಹೊರಡುವ ದಿನ, ಅತ್ತೆಗೆ ಓದಲು ಬರುತ್ತದಲ್ಲ ಎಂದು ಅವನು ಬಸ್‌ಸ್ಟ್ಯಾಂಡಿನ ಬಾಗಿಲಲ್ಲಿ ಬಿಟ್ಟು ಮಿಲ್ಲಿಗೆ ಹೋದ. ಒಳಗೆ ಹೋಗಿ ನೋಡಿದರೆ ಒಂದು ಬೋರ್ಡೂ ಗೊತ್ತಾಗಲಿಲ್ಲ. ಹೋಗುವುದಕ್ಕೆ ಎರಡು ಬೆಳೆ ಯೋಚಿಸಿದವಳು ಬರುವುದನ್ನು ಯೋಚಿಸಿರಲಿಲ್ಲ. ಕಲಿಸಿದ ನನಗೂ ಹೊಳೆದಿರಲಿಲ್ಲ.

“ಆಮೇಲೆ?”

“ಸ್ಕೂಲ್ ಹುಡ್ಗಿ ಒಬ್ಳು ನಿಂತಿದ್ಳು. ಚಿಕ್ಕಬಳ್ಳಾಪುರ ಅಂತ ಬರ್ಕೊಡಮ್ಮ ಅಂತ ಕೈ ಕೊಟ್ಟೆ. ಬಸ್ ಯಾವ್ದು ಅಂತ ಮಾತ್ರ ಕೇಳ್ಲಿಲ್ಲ ಕಣೇ. ಒಂದೊಂದ್ ಬಸ್ ಮುಂದೇನೂ ನಿಂತು ಕೈ ನೋಡ್ದೆ, ಬೋರ್ಡ್ ನೋಡ್ದೆ. ಡ್ರೈವರ್‌ಗಳು ನಗಾಡ್ತಿದ್ರು. ನಗ್ಲಿ. ಬಂದ್ನಲ್ಲ.”

ಅಲ್ಲಿಂದ ಮುಂದೆ ಒಂದೊಂದು ಬೆಳೆಗೆ ಒಂದೊಂದು ಊರು ಗೋಡೆಗೇರಿತು. ಬರೆದ ಊರಿಗೆ ಆ ಬೆಳೆ ಮುಗಿದ ಮೇಲೆ ಹೋಗಿಯೇ ಬರುತ್ತಿದ್ದಳು, ಕೆಲಸವಿರಲಿ ಬಿಡಲಿ. ಚಿಂತಾಮಣಿಗೆ ಹೋಗಿ ಒಂದು ಮೊರ ಕಡಲೆಕಾಯಿ ತಂದಳು. ಬಾಗೇಪಲ್ಲಿಗೂ ಹೋದಳು, ತಪ್ಪಿ ಹತ್ತಿದ ಬಸ್ಸಿನ ಊರು ಹೇಗಿದೆ ನೋಡಬೇಕೆಂದು. ಹೊರಡುವ ಮೊದಲು ಅಂಗೈ ಮೇಲೆ ವಾಪಸ್ಸು ಬರುವ ಊರಿನ ಹೆಸರು ಬರೆದುಕೊಳ್ಳುತ್ತಿದ್ದಳು. ಓದಲು ಚೆನ್ನಾಗಿ ಬಂದ ಮೇಲೂ ಅದನ್ನು ಬಿಡಲಿಲ್ಲ.

ಕೊನೆಗೆ ಗೋಡೆಗೆ ಬಂದದ್ದು ನಂದಿ. ಬೆಟ್ಟ ದಿನಾ ಕಣ್ಣಿಗೆ ಬೀಳುತ್ತದೆ, ಹೋಗಿದ್ದು ಒಂದು ದಿನವೂ ಇಲ್ಲ. “ಈ ಸಲ ನೀನೂ ಬಾರೇ, ಇಬ್ರೂ ಹೋಗಣ” ಅಂದಳು. ನಾನು ಈ ಬೆಳೆ ಆಗಲಿ ಅಂದೆ. ಆ ಬೆಳೆ ಆಯಿತು. ಮುಂದಿನದೂ ಆಗಲಿ ಅಂದೆ. ಹೊಸ ಸುಣ್ಣದ ಮೇಲೆ ಮತ್ತೆ ‘ನಂದಿ’ ಬರೆದು ನನಗಾಗಿ ಕಾದಳು. ಮೂರನೇ ಜ್ವರದ ಹಿಂದಿನ ಬೆಳಗ್ಗೆ ಸೊಪ್ಪಿನ ತೋಟದಲ್ಲಿ ಕುಸಿದವಳು ಏಳಲಿಲ್ಲ. ಮಾತೂ ಬರಲಿಲ್ಲ. ಅದಕ್ಕೆ ಈಗ ಇಪ್ಪತ್ತು ವರ್ಷ.

ಆ ಬೆಳೆ ಮುಗಿದ ಮೇಲೆ ಅವರ ಹುಳದ ಮನೆಗೆ ಸುಣ್ಣ ಬಳಿದದ್ದೂ ನಾನೇ. ಅವಳ ಸೊಟ್ಟ ಕೈಯಲ್ಲಿ ‘ನಂದಿ’ ಇತ್ತು. ಈ ಸಲ ಓದಿದೆ. ಓದಿ, ಬಳಿದೆ. ಇನ್ನೂ ಮೂರು ಗೋಡೆ ಉಳಿದಿದ್ದವು.

ಆ ಮನೆಗೆ ಆಮೇಲೆ ಹುಳು ತರಲಿಲ್ಲ. ಸೌದೆ ಇಟ್ಟರು, ಬೀಗ ಹಾಕಿದರು, ಹೋದ ತಿಂಗಳು ಕೆಡವಿದರು. ‘ಗೌ’ ಇದ್ದ ಚಕ್ಕೆಯ ಮೇಲಿನ ಪದರಗಳಲ್ಲಿ ಇನ್ನೂ ಹುಡುಕಿದೆ. ‘ನಂದಿ’ ಪೂರ್ತಿ ಸಿಗಲಿಲ್ಲ. ‘ದಿ’ ಒಂದೇ ಸಿಕ್ಕಿತು, ಮಿಕ್ಕಿದ್ದು ಪುಡಿಯಾಗಿತ್ತು. ಟ್ರ್ಯಾಕ್ಟರಿಗೆ ಮಣ್ಣು ತುಂಬುವವನು, “ಏನಜ್ಜಿ, ಚಿನ್ನ ಹುಡುಕ್ತಿದ್ದೀಯಾ?” ಅಂದ. ಹೂಂ ಕಣಪ್ಪ ಅಂದೆ. ಅಕ್ಕನನ್ನು ಇಪ್ಪತ್ತು ವರ್ಷದಲ್ಲಿ ನಾನು ಹೆಚ್ಚು ನೆನೆದವಳಲ್ಲ. ಆದರೆ ಅವಳು ಹಾಕಿದ ಲೆಕ್ಕದಲ್ಲಿ ಮುಗಿಯದೆ ಉಳಿದದ್ದು ಅದೊಂದೇ, ಅದೂ ನನ್ನಿಂದ.

ಮಾರನೇ ದಿನ ಬೆಳಗ್ಗೆ ಕಸ ಗುಡಿಸಿ, ಕಾಫಿ ಕುಡಿದು, ಸೊಸೆಯ ಪೆನ್ನು ಈಸಿಕೊಂಡೆ. ಅಂಗೈ ಮೇಲೆ ಮೊದಲು ‘ಮೇಲೂರು’ ಎಂದು ಬರೆದುಕೊಂಡೆ. ಆಮೇಲೆ ನಂದಿಗೆ ಹೊರಟೆ.