ಹನ್ನೊಂದು ದಿನ, ಒಂಬತ್ತು ಊರು

ಆ ಶುಕ್ರವಾರ ಬೆಳಿಗ್ಗೆ ನನ್ನ ಗಂಡ ಅವಲಕ್ಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, "ಎಲ್ಲಾರೂ ಇಲ್ಲೆ ಬರ್ರಿ" ಎಂದು ಕರೆದರು. ಎಲ್ಲರೂ ಎಂದರೆ ನಾನು, ಹನ್ನೊಂದನೇ ಕ್ಲಾಸಿನ ಮಗಳು ಮತ್ತು ಅತ್ತೆ. ಪರದೆಯ ಮೇಲೆ ಒಂದು ಪಟ್ಟಿ ಇತ್ತು. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಮ್ಯೂನಿಕ್, ಸಾಲ್ಸ್‌ಬರ್ಗ್, ಜೂರಿಕ್, ಮಿಲಾನ್, ವೆನಿಸ್. ಒಂದೊಂದು ಊರಿಗೆ ಒಂದೊಂದು ಬಣ್ಣ. ಊರಿನ ಎದುರಿಗೆ ರೈಲು ಹೊರಡುವ ಹೊತ್ತು, ತಲುಪುವ ಹೊತ್ತು, ನೋಡಬೇಕಾದ ಜಾಗ, ಅಲ್ಲಿ ನಿಲ್ಲಬೇಕಾದ ನಿಮಿಷ.

"ಹನ್ನೊಂದು ದಿನ ರಜಾ ಸಿಕ್ಕದ. ಒಂಬತ್ತು ಊರು. ಎಲ್ಲಾ ರೈಲಿನಾಗ" ಎಂದರು. ಅವರ ಮುಖದಲ್ಲಿ ಅಂಥ ಬೆಳಕು ನಾನು ನೋಡಿ ಬಹಳ ದಿನವಾಗಿತ್ತು. ಹಾಗಾಗಿ, ಕಲೋನಿನ ಎದುರಿಗೆ 'ಚರ್ಚ್, ನಲವತ್ತು ನಿಮಿಷ' ಎಂದು ಬರೆದಿದ್ದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ.

ನನ್ನ ಗಂಡ ಸಮುದ್ರದ ನೀರನ್ನು ಕುಡಿಯುವ ನೀರಾಗಿಸುವ ಸ್ಥಾವರದಲ್ಲಿ ಎಂಜಿನಿಯರು. ಒತ್ತಡ, ಉಪ್ಪು, ಹರಿವು ಎಲ್ಲವನ್ನೂ ಗಡಿಯಾರದ ಲೆಕ್ಕದಲ್ಲಿ ನೋಡುವುದು ಅವರ ಕೆಲಸ. ಆದರೆ ಅವರು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಮಾವನವರು ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಈಗ ನಾವಿರುವ ಒಮಾನಿನಲ್ಲಿ ಕೂತು ಹೋಗಲು ರೈಲೇ ಇಲ್ಲ. ಹದಿನಾಲ್ಕು ವರ್ಷದಿಂದ ಅಲ್ ಅಜೈಬಾದ ಈ ಮನೆಯಲ್ಲಿದ್ದೇವೆ. ಸಹಮ್‌ಗೆ ಹೋಗಬೇಕಾದರೂ ಕಾರು, ಸೋಹಾರಿಗೂ ಕಾರು. ಹೆದ್ದಾರಿಯಲ್ಲಿ ಹೋಗುವಾಗಲೆಲ್ಲ ಅವರು, "ಇಷ್ಟು ಸಪಾಟ ನೆಲ ನೋಡು, ಹಳಿ ಹಾಕಾಕ ಎಷ್ಟ್ ಛಲೋ ಅದ" ಎನ್ನುತ್ತಿದ್ದರು. ಮಗಳಿಗೆ ರೈಲೆಂದರೆ ಎರಡು ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಒಂದು ಪ್ರಯಾಣ, ಅಷ್ಟೇ.

ಅತ್ತೆ ನಮ್ಮ ಜೊತೆ ಇರಲು ಬಂದು ಆಗ ಮೂರು ವರ್ಷವಾಗಿತ್ತು. ಅವರು ಕನ್ನಡಕ ಹಾಕಿಕೊಂಡು, ಪರದೆಯ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ ಓದಿಸಿಕೊಂಡರು. ಒಂದು ಕಡೆ ಬೆರಳು ನಿಂತಿತು.

"ಇಲ್ಲೆ ಏಳು ಅಂತ ಬರದೀಯಲ್ಲ, ಏನದು?"

"ಮಾನ್‌ಹೈಮ್ ಅಂತ ಒಂದು ಸ್ಟೇಶನ್ ಅವ್ವಾ. ಅಲ್ಲೆ ಗಾಡಿ ಬದಲಿ ಮಾಡಬೇಕು. ಏಳು ನಿಮಿಷ ಸಿಗ್ತಾವ."

"ಏಳು ನಿಮಿಷದಾಗ ನನಗ ಸೀರಿ ನಿರಿಗಿ ಸರಿ ಮಾಡಿಕೊಳ್ಳೂದೂ ಆಗಂಗಿಲ್ಲೋ."

"ಜನಾ ಮಾಡ್ತಾರವ್ವಾ. ಅಲ್ಲಿ ಗಾಡಿ ಬರೋಬ್ಬರಿ ಟೈಮಿಗೆ ಬರ್ತಾವ."

"ಗಾಡಿ ಟೈಮಿಗೆ ಬರ್ತದ. ನಾ ಬರಬೇಕಲ್ಲ?" ಎಂದು ಅತ್ತೆ ಎದ್ದು ಚಹಾ ಇಡಲು ಹೋದರು.

ಅಂದಿನಿಂದ ಒಂದು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಗಂಡ ಕೆಲಸದಿಂದ ಬಂದವರೇ ಪಟ್ಟಿ ತೆಗೆದು ಕೂರುತ್ತಿದ್ದರು. ಪ್ರತಿ ಸಂಜೆ ಎಲ್ಲೋ ಹತ್ತು ನಿಮಿಷ ಉಳಿಸುತ್ತಿದ್ದರು, ಉಳಿದ ಹತ್ತು ನಿಮಿಷಕ್ಕೆ ಇನ್ನೊಂದು ಸೇತುವೆಯನ್ನೋ ಗೋಪುರವನ್ನೋ ಸೇರಿಸುತ್ತಿದ್ದರು. ಬ್ರಸೆಲ್ಸಿನಲ್ಲಿ ನಮಗಿದ್ದದ್ದು ಎರಡೂವರೆ ಗಂಟೆ. ಮಗಳು, "ಪಪ್ಪಾ, ವೆನ್ ಡು ವಿ ಈಟ್?" ಎಂದು ಕೇಳಿದಾಗ ಅವರು ಗಂಭೀರವಾಗಿ, "ಗಾಡಿಯೊಳಗ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ನೋಡಿದರೆ ಪಟ್ಟಿಯಲ್ಲಿ ಹೊಸ ಸಾಲು ಬಂದಿತ್ತು: 'ಊಟ, ಗಾಡಿಯಲ್ಲಿ, ಚಪಾತಿ ರೋಲ್.'

ಸೂಟ್‌ಕೇಸು ಕೊಳ್ಳಲು ಮತ್ರಾಕ್ಕೆ ಹೋದೆವು. ಅಲ್ಲಿಯ ಹಳೇ ಪೇಟೆ ಸೂಕಿನ ಒಳಗಲ್ಲಿಯಲ್ಲಿ ಬ್ಯಾಗು, ಜಾಕೆಟ್ಟು ಮಾರುವ ಒಬ್ಬ ಬ್ಯಾರಿ ಸಾಹುಕಾರರಿದ್ದಾರೆ, ಮಂಗಳೂರಿನ ಕಡೆಯವರು. ಕನ್ನಡ ಕೇಳಿದರೆ ಸಾಕು, ಸ್ಟೂಲು ಎಳೆದು ಕೂರಿಸುತ್ತಾರೆ. ಗಂಡ ನಾಲ್ಕು ಚಕ್ರದ ಬ್ಯಾಗನ್ನು ಅಂಗಡಿಯ ನೆಲದ ಮೇಲೆ ಅತ್ತಿತ್ತ ಓಡಿಸಿ ನೋಡುತ್ತಿದ್ದರು.

"ಅದು ಬೇಡ ಸಾರ್. ಅಲ್ಲಿ ರೋಡಿಗೆಲ್ಲ ಕಲ್ಲು ಹಾಕಿದ್ದಾರೆ. ಈ ಸಣ್ಣ ಚಕ್ರ ಎರಡು ದಿನಕ್ಕೆ ಖಲಾಸ್" ಎಂದರು ಸಾಹುಕಾರರು.

"ನೀವು ಹೋಗೀರೇನ್ರಿ ಯುರೋಪಿಗೆ?"

"ಹೋಗಿದ್ದೇನಲ್ಲ ಮಾರಾಯ್ರೆ. ಬಸ್ಸಿನ ಟೂರು. ಹತ್ತು ದಿನಕ್ಕೆ ಆರು ದೇಶ. ಈಗ ಫೋಟೋ ನೋಡಿದ್ರೆ ಯಾವುದು ಯಾವ ದೇಶ ಅಂತ ನನಗೂ ಗೊತ್ತಾಗುದಿಲ್ಲ, ನನ್ನ ಹೆಂಡ್ತಿಗೂ ಗೊತ್ತಾಗುದಿಲ್ಲ. ಎಲ್ಲದರಲ್ಲಿಯೂ ನಾವಿಬ್ರು ಒಂದು ಬಸ್ಸಿನ ಮುಂದೆ ನಿಂತಿದ್ದೇವೆ. ನಿಮ್ಮದೆಷ್ಟು ಊರು?"

ಗಂಡ ಬ್ಯಾಗಿನ ಜಿಪ್ಪು ಪರೀಕ್ಷಿಸುತ್ತ, "ಇನ್ನೂ ಫಿಕ್ಸ್ ಆಗಿಲ್ರಿ" ಎಂದರು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ದೊಡ್ಡ ಚಕ್ರದ ಬ್ಯಾಗುಗಳನ್ನೇ ತಂದೆವು.

ದಾರಿಯಲ್ಲಿ ಅತ್ತೆ ಕಾರಿನ ಹಿಂದಿನ ಸೀಟಿನಿಂದ ಹೇಳಿದರು, "ತಮ್ಮಾ, ನೀ ಅಷ್ಟು ಹೇಳ್ತೀ ಅಂದ್ರ ಒಮ್ಮೆ ಮಾಡೇ ನೋಡೂಣಲ್ಲ. ಏಳು ನಿಮಿಷ." ಅವರು ತಮಾಷೆಗೆ ಅಂದರೋ ಏನೋ. ಗಂಡನಿಗೆ ಅದು ಸರಿಯೆನಿಸಿತು. ಸ್ಥಾವರದಲ್ಲೂ ಹೊಸದೇನಾದರೂ ಶುರುಮಾಡುವ ಮೊದಲು ಅವರು ಒಂದು ಟ್ರಯಲ್ ಮಾಡಿಯೇ ಮಾಡುತ್ತಾರಂತೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಆರೂವರೆಗೆ ನಾವು ನಾಲ್ವರೂ ನಾಲ್ಕು ಸೂಟ್‌ಕೇಸು ಹಿಡಿದು ಮೂರನೇ ಮಹಡಿಯ ವೆರಾಂಡದಲ್ಲಿ ನಿಂತಿದ್ದೆವು. ತೂಕ ಬರಲೆಂದು ಗಂಡ ಅವುಗಳಲ್ಲಿ ಮಗಳ ಹಳೆಯ ಪಠ್ಯಪುಸ್ತಕ, ಅಕ್ಕಿ ಚೀಲ ತುಂಬಿದ್ದರು. ನಮ್ಮ ಕಟ್ಟಡಕ್ಕೆ ಎರಡು ಕಡೆ ಮೆಟ್ಟಿಲು. ಈ ಮೆಟ್ಟಿಲಿಳಿದು, ಕೆಳಗಿನ ಕಾರ್ ಪಾರ್ಕಿಂಗ್ ದಾಟಿ, ಆ ಮೆಟ್ಟಿಲಿನಿಂದ ಎರಡನೇ ಮಹಡಿ ಹತ್ತಬೇಕು. ಅಷ್ಟಾದರೆ ಮಾನ್‌ಹೈಮಿನಲ್ಲಿ ಗಾಡಿ ಬದಲಿಸಿದ ಹಾಗೆ. ಲಿಫ್ಟ್ ಬಳಸುವಂತಿಲ್ಲ.

"ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್" ಎಂದಳು ಮಗಳು. ಗಂಡ ಫೋನಿನ ಗಡಿಯಾರ ಒತ್ತಿದರು.

ಮೇ ತಿಂಗಳು. ಆ ಹೊತ್ತಿಗಾಗಲೇ ಗಾಳಿ ಒಲೆಯ ಮುಂದಿನ ಗಾಳಿಯಂತಿತ್ತು. ಮಗಳು ಮುಂದೆ ಓಡಿ ತಪ್ಪು ಕಡೆ ತಿರುಗಿ ಕಸದ ಡಬ್ಬಿಗಳ ಹತ್ತಿರ ಹೋಗಿ ನಿಂತಳು. ನಾನು ಅತ್ತೆಯ ಬ್ಯಾಗನ್ನೂ ಹಿಡಿದು ಇಳಿಯುವಷ್ಟರಲ್ಲಿ ಬೆವರಿ ಮುದ್ದೆಯಾದೆ. ನೆಲಮಹಡಿಯ ಮುದುಕರೊಬ್ಬರು, ಒಮಾನಿಗಳು, ಕುಂಡದ ಗಿಡಗಳಿಗೆ ನೀರು ಹಾಕುತ್ತಿದ್ದರು. ಪೈಪು ಕೆಳಗಿಟ್ಟು, ವಿಮಾನಕ್ಕೆ ಹೊತ್ತಾಯಿತೇ ಎಂದು ಅರೇಬಿಕ್‌ನಲ್ಲಿ ಕೇಳಿದರು. ಗಂಡ ಏದುಸಿರಿನಲ್ಲೇ ತಮಗೆ ಬರುವ ಅರ್ಧಂಬರ್ಧ ಅರೇಬಿಕ್‌ನಲ್ಲಿ, "ಇಲ್ಲ, ರೈಲಿಗೆ" ಎಂದುಬಿಟ್ಟರು. ಮುದುಕರು ಬೀದಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಆಮೇಲೆ ಏನು ತಿಳಿದುಕೊಂಡರೋ, "ಯಲ್ಲಾ, ಯಲ್ಲಾ!" ಎಂದು ಅವಸರಪಡಿಸುತ್ತ ಅತ್ತೆಯ ಬ್ಯಾಗನ್ನು ನನ್ನ ಕೈಯಿಂದ ಕಿತ್ತುಕೊಂಡು, ತಮ್ಮ ಉದ್ದನೆಯ ನಿಲುವಂಗಿ ದಿಶ್ದಾಶಾದ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಮೆಟ್ಟಿಲು ಹತ್ತತೊಡಗಿದರು.

"ಬ್ಯಾಡ್ರಿ, ನಾವೇ ಒಯ್ಯಬೇಕು!" ಎಂದು ನನ್ನ ಗಂಡ ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿದರು.

ಎರಡನೇ ಮಹಡಿಯಲ್ಲಿ ಮೂವರು ಸೇರಿದಾಗ ಹನ್ನೊಂದು ನಿಮಿಷವಾಗಿತ್ತು. ಅತ್ತೆ ಇರಲಿಲ್ಲ. ಇಳಿದು ನೋಡಿದರೆ ಮೆಟ್ಟಿಲ ನಡುವೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಮುದುಕರು ಬ್ಯಾಗು ಮೇಲಿಟ್ಟು, ಎಲ್ಲರಿಗೂ ಸುಖಪ್ರಯಾಣ ಹಾರೈಸಿ, ಗಿಡಗಳ ಕಡೆ ಹೋದರು.

"ಇನ್ನೊಮ್ಮೆ ಮಾಡೂಣು. ಈ ಸಲ ನಾ ಎರಡು ಬ್ಯಾಗ್ ಹಿಡೀತೀನಿ" ಎಂದರು ಗಂಡ.

ಅತ್ತೆ ಅವರ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ನಿಮ್ಮಪ್ಪ ಮೂವತ್ತೆರಡು ವರ್ಷ ಗಾಡಿ ಮ್ಯಾಲೆ ಇದ್ರು. ಗುಂತಕಲ್ಲು, ಲೋಂಡಾ, ಮೀರಜ, ಹೋಟಗಿ. ಎಷ್ಟು ಊರು ದಾಟ್ಯಾರ ನನಗ ಹೇಳಾಕ ಬರಂಗಿಲ್ಲ. ವಿಜಾಪುರದಾಗ ಗೋಲಗುಮ್ಮಟ ಹಳಿ ಮ್ಯಾಲಿಂದನ ಕಾಣ್ತದ. ಹೋಗುವಾಗೊಮ್ಮೆ ನೋಡೋರು, ಬರುವಾಗೊಮ್ಮೆ ನೋಡೋರು. ಒಳಗ ಹೋಗಿ ಒಂದು ಸಲ ಕೂಗಿ ದನಿ ಕೇಳಬೇಕು ಅಂತಿದ್ರು. ಗಾಡಿ ನಿಲ್ಲೂದು ನಾಲ್ಕು ನಿಮಿಷ. ಕಡಿಗೂ ಹೋಗಲಿಲ್ಲ."

ಗಂಡ ಫೋನನ್ನು ಕಿಸೆಗೆ ಹಾಕಿದರು.

"ರಿಟೈರ್ ಆದ ಮ್ಯಾಲೆ ಯಾಕ ಹೋಗಲಿಲ್ಲವ್ವಾ?" ಎಂದು ಕೇಳಿದರು.

"ಆವಾಗ ಗಾಡಿ ಅಂದ್ರ ಬ್ಯಾಸರ ಬಂದಿತ್ತು ಅವರಿಗೆ. ಮನೀ ಬಿಟ್ಟು ಏಳತಿರಲಿಲ್ಲ. ನಿನಗೊತ್ತಿಲ್ಲೇನು?"

ಮಗಳು ಎರಡು ಮೆಟ್ಟಿಲು ಕೆಳಗೆ ಬಂದು ಅಜ್ಜಿಯ ಕಾಲ ಬಳಿ ಕೂತಳು. ಅವಳು ನೋಡಿರದ ಅಜ್ಜನ ಬಗ್ಗೆ ಇಷ್ಟು ಮಾತು ಅವಳೂ ಕೇಳಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾವು ಅಕ್ಕಿ ಚೀಲಗಳನ್ನು ಲಿಫ್ಟಿನಲ್ಲಿ ಮನೆಗೆ ಸಾಗಿಸಿದೆವು.

ಅಂದು ಮಧ್ಯಾಹ್ನ ಊಟವಾದ ಮೇಲೆ ಗಂಡ ಲ್ಯಾಪ್‌ಟಾಪ್ ತೆರೆದು, "ಒಬ್ಬೊಬ್ರು ಒಂದೊಂದು ಊರು ಹೇಳ್ರಿ. ಅಷ್ಟೇ ಇರಲಿ" ಎಂದರು. ಒಂದು ತಿಂಗಳು ಕೂಡಿಸಿದ್ದನ್ನು ಅಳಿಸುವುದು ಅವರಿಗೆ ಸುಲಭವಿರಲಿಲ್ಲ. ಮಗಳು ಯೋಚಿಸದೆ ಪ್ಯಾರಿಸ್ ಎಂದಳು. ನಾನು ವೆನಿಸ್ ಎಂದೆ. ನಾನು ಬಾಗಲಕೋಟೆಯವಳು, ನಾನು ಶಾಲೆಗೆ ನಡೆದುಹೋಗುತ್ತಿದ್ದ ಓಣಿ ಈಗ ಹಿನ್ನೀರಿನ ಕೆಳಗಿದೆ. ನೀರಿನಲ್ಲೇ ನಿಂತು ಉಳಿದಿರುವ ಒಂದು ಊರನ್ನು ನೋಡುವ ಆಸೆ ನನಗೆ ಮೊದಲಿನಿಂದ ಇತ್ತು. ಗಂಡ ಕಲೋನ್ ಇಟ್ಟುಕೊಂಡರು, ಸ್ಟೇಶನ್ನಿನ ಬಾಗಿಲಿಗೇ ಚರ್ಚು ಇದೆಯೆಂಬ ಕಾರಣಕ್ಕೆ. ಅತ್ತೆ, "ಗುಡ್ಡ ಇರೋ ಊರು ಯಾವುದು?" ಎಂದು ಕೇಳಿ, ಚಿತ್ರ ನೋಡಿ, ಸಾಲ್ಸ್‌ಬರ್ಗ್ ಆರಿಸಿದರು. ಆ ಹೆಸರನ್ನು ಅವರು ಇಂದಿಗೂ 'ಸಾಲಸ್ಬರಗಿ' ಎನ್ನುತ್ತಾರೆ, ನಮ್ಮ ಕಡೆಯ ಯಾವುದೋ ಹಳ್ಳಿಯ ಹಾಗೆ.

ಉಳಿದ ಐದು ಊರುಗಳನ್ನು ಗಂಡ ಒಂದೊಂದಾಗಿ ಅಳಿಸಿದರು. ಆಮ್‌ಸ್ಟರ್‌ಡ್ಯಾಮ್ ಅಳಿಸುವ ಮುನ್ನ ಸ್ವಲ್ಪ ತಡೆದರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ.

ವೀಸಾ ಕಚೇರಿಯಲ್ಲಿ ಇನ್ನೊಂದು ತೊಡಕು ಬಂತು. ಅತ್ತೆಯ ಬೆರಳಚ್ಚು ಯಂತ್ರಕ್ಕೆ ಸಿಗಲಿಲ್ಲ. ಕೌಂಟರಿನ ಹುಡುಗಿ ಒರೆಸಿ ನೋಡಿದಳು, ಕ್ರೀಮು ಹಚ್ಚಿ ನೋಡಿದಳು, ನಾಲ್ಕು ಸಲವೂ ಕೆಂಪು ದೀಪ. ಗಂಡ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಅಷ್ಟು ಲೆಕ್ಕ ಹಾಕಿದ್ದ ಅವರು ಇದೊಂದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಐವತ್ತು ವರ್ಷ ರೊಟ್ಟಿ ಬಡಿದ ಕೈ ಅವ, ಆಕಿಗೆ ಹೇಳು" ಎಂದರು ಅತ್ತೆ ನನಗೆ. ಬಿಸಿ ಹಂಚಿನ ಮೇಲಿನ ಜೋಳದ ರೊಟ್ಟಿಗೆ ನೀರು ಸವರುವ ಕೈಯಲ್ಲಿ ಗೆರೆ ಎಲ್ಲಿ ಉಳಿಯಬೇಕು? ನಾನು ಹಿಂದಿಯಲ್ಲಿ ಹೇಳಿದೆ. ಹುಡುಗಿ ನಕ್ಕು, ತನ್ನ ಅಮ್ಮನದೂ ಇದೇ ಕಥೆ ಎಂದಳು. ತನ್ನ ಕುರ್ಚಿಯಿಂದೆದ್ದು ಈಚೆ ಬಂದು, ಅತ್ತೆಯ ಬೆರಳುಗಳನ್ನು ಒಂದೊಂದಾಗಿ ತನ್ನ ಕೈಯಲ್ಲಿ ಹಿಡಿದು ಗಾಜಿನ ಮೇಲೆ ಒತ್ತಿದಳು. ಕಡೆಗೂ ಹಸಿರು ದೀಪ ಬಂತು. ಅತ್ತೆ ಅವಳ ಗಲ್ಲ ಸವರಿ ಲಟಿಕೆ ಮುರಿದರು. ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು.

ಜೂನಿನಲ್ಲಿ ಹೊರಟೆವು. ಪ್ಯಾರಿಸ್ ಮಗಳ ಊರಾದ್ದರಿಂದ ಅವಳು ಕರೆದಲ್ಲಿಗೆ ಹೋದೆವು. ಕಲೋನಿನಲ್ಲಿ ಗಂಡ ಆ ಚರ್ಚಿನೊಳಗೆ ನಲವತ್ತು ನಿಮಿಷವಲ್ಲ, ಇಡೀ ಬೆಳಿಗ್ಗೆ ಇದ್ದರು. ಹೊರಬಂದು ಸೇತುವೆಯ ಮೇಲೆ ನಿಂತು ಹೋಗುವ ಬರುವ ಗಾಡಿಗಳನ್ನು ನೋಡಿದರು. ಗಾಡಿಗಳೇನೂ ಅವರು ಹೇಳಿದಂತೆ ಬರೋಬ್ಬರಿ ಟೈಮಿಗೆ ಬರಲಿಲ್ಲ. ಸಾಲ್ಸ್‌ಬರ್ಗಿನ ಗಾಡಿ ಒಂದು ಗಂಟೆ ತಡವಾಯಿತು. ಅತ್ತೆ, "ಥೇಟ್ ನಮ್ಮ ಹುಬ್ಬಳ್ಳಿ!" ಎಂದು ಖುಷಿಪಟ್ಟರು.

ಸಾಲ್ಸ್‌ಬರ್ಗಿನ ಮೊದಲ ದಿನ ಕೋಟೆ ನೋಡಲು ಅಪ್ಪ ಮಗಳು ಹೋದರು. ಅತ್ತೆ ಬರುವುದಿಲ್ಲ ಎಂದರು. "ಗುಡ್ಡ ಇಲ್ಲಿಂದನ ಕಾಣ್ತದ" ಎಂದು ಹೋಟೆಲಿನ ಎದುರಿಗೇ ಇದ್ದ ಸ್ಟೇಶನ್ನಿನ ಬೆಂಚಿನ ಮೇಲೆ ಕೂತರು. ನಾನೂ ಕೂತೆ. ಮರದ ದಿಮ್ಮಿ, ಹೊಸ ಕಾರು ಹೊತ್ತ ಉದ್ದನೆಯ ಗೂಡ್ಸ್ ಗಾಡಿಯೊಂದು ನಿಲ್ಲದೆ ಹಾದುಹೋಯಿತು. ಅತ್ತೆ ಕತ್ತು ಚಾಚಿ ಕೊನೆಯ ಡಬ್ಬಿಯವರೆಗೂ ನೋಡಿದರು.

"ಹಿಂದ ಗಾರ್ಡ್ ಡಬ್ಬಿನ ಇಲ್ಲಲ್ಲ" ಎಂದರು.

"ಈಗ ಬೇಕಾಗಂಗಿಲ್ಲಂತ್ರಿ ಅತ್ತೀ."

"ಛಲೋ ಆತು. ಮನ್ಯಾಗ ಇರ್ತಾರ" ಎಂದರು. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದು, ಆಮೇಲೆ ನನ್ನ ತೊಡೆ ತಟ್ಟಿ, ಚಹಾ ಎಲ್ಲಿ ಸಿಗುತ್ತದೆ ನೋಡು ಎಂದು ಕಳಿಸಿದರು.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಕಿಟಕಿಯ ಹೊರಗೆ ಸಣ್ಣಗೆ ಮಳೆ ಬೀಳುತ್ತಿತ್ತು. ಗಂಟೆ ಎಂಟೂಮುಕ್ಕಾಲು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಆರು ಗಂಟೆಯ ನಂತರ ಹಾಸಿಗೆಯಲ್ಲಿರದ ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿ, ಬಾಯಿ ತುಸು ತೆರೆದು, ಮಲಗಿದ್ದರು. ಅತ್ತೆ ಬಾಗಿಲು ತಟ್ಟಿ ತಲೆ ಒಳಗೆ ಹಾಕಿದರು, ಹಿಂದೆ ಮಗಳು ನಿಂತಿದ್ದಳು. ನಾನು ಎಬ್ಬಿಸಲೇ ಎಂದು ಸನ್ನೆ ಮಾಡಿದೆ.

"ಮಲಗಲಿ ಬಿಡು" ಎಂದು ಪಿಸುಗುಟ್ಟಿದರು ಅತ್ತೆ.

ನಾವು ಮೂವರೂ ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಂದು, ಬಾಗಿಲು ಸದ್ದಾಗದಂತೆ ಎಳೆದುಕೊಂಡು, ತಿಂಡಿಗೆ ಇಳಿದು ಹೋದೆವು.